ಮೇಷ್ಟ್ರ ಮಣಿಕಟ್ಟು

ಗಾಲ್ಫ್ ಎಂದರೆ ಹಣವಂತರ ಆಟ ಎಂದು ಮೂಗು ಮುರಿಯುವವರು ಟೈರ್ ಗೋದಾಮಿನ ಹಿಂದಿದ್ದ ಆ ಅಭ್ಯಾಸದ ಮೈದಾನವನ್ನು ಒಮ್ಮೆ ನೋಡಬೇಕಿತ್ತು. ಹರಿದ ಕಡೆಯೆಲ್ಲ ನೈಲಾನ್ ದಾರ ಹಾಕಿ ಹೊಲಿದ ಬಲೆ, ಸವೆದು ಬಿಳಿಚಿಕೊಂಡ ಹಸಿರು ಚಾಪೆಗಳು, ಗಾಳಿ ಯಾವ ಕಡೆ ಬೀಸಿದರೂ ರಬ್ಬರಿನ ವಾಸನೆ. ಅಲ್ಲಿಗೆ ಬರುತ್ತಿದ್ದವರು ಗುಮಾಸ್ತರು, ಲಾರಿ ಬ್ರೋಕರುಗಳು, ಒಬ್ಬ ಹಲ್ಲಿನ ಡಾಕ್ಟರು, ಮತ್ತೆ ನಿವೃತ್ತಿಯಾದ ಮೇಲೆ ಹಗಲಿಡೀ ಹೆಂಡತಿಯ ಕಣ್ಣಿಗೆ ಬೀಳದಿರಲು ಜಾಗ ಹುಡುಕುತ್ತಿದ್ದ ಒಂದಷ್ಟು ಜನ. ಇವರಿಗೆಲ್ಲ ಕೋಲು ಹಿಡಿಯಲು ಕಲಿಸಿದವರು ಕೀಲು ಮೇಷ್ಟ್ರು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಹೊಸಬರು ಯಾರೇ ಬರಲಿ, ಮೊದಲ ದಿನ ಅವರಿಗೆ ಕೋಲು ಮುಟ್ಟಲು ಬಿಡುತ್ತಿರಲಿಲ್ಲ. ಸಾಮಾನು ಕೋಣೆಯ ಬಾಗಿಲ ಮುಂದೆ ನಿಲ್ಲಿಸಿ, "ಇದನ್ನ ತಳ್ಳಿ" ಎನ್ನುತ್ತಿದ್ದರು. ತಳ್ಳಿದರೆ ಬಾಗಿಲು ಹೋಗಿ ಮುಚ್ಚಿಕೊಳ್ಳುತ್ತಿತ್ತು. "ನೋಡಿದ್ರಾ? ಬಾಗಿಲು ಮಗುಚಿ ಬೀಳ್ಲಿಲ್ಲ, ತಿರುಚಿಕೊಳ್ಳಲೂ ಇಲ್ಲ. ಕೀಲಿನ ಸುತ್ತ ತಿರುಗ್ತು, ಅಷ್ಟೆ. ನಿಮ್ಮ ಕೋಲಿನ ತುದೀಲಿರೋ ಮುಖಾನೂ ಚೆಂಡಿನ ಹತ್ರ ಹೀಗೇ ಮುಚ್ಚಬೇಕು. ನೀವು ಬುದ್ಧಿವಂತಿಕೆ ಮಾಡಿ ಮಣಿಕಟ್ಟು ತಿರುಚೋಕೆ ಹೋದ್ರೆ ಬಾಗಿಲು ಚೌಕಟ್ಟು ಸಮೇತ ಕಿತ್ಕೊಂಡು ಬರುತ್ತೆ."

ಈ ಆಟದ ಗುಟ್ಟೆಲ್ಲ ಎಡ ಮಣಿಕಟ್ಟಿನಲ್ಲಿದೆ ಎಂಬುದು ಅವರ ಸಿದ್ಧಾಂತ. ಕೋಲು ಮೇಲೆ ಹೋಗುವಾಗ ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಮಡಿಯುತ್ತದೆ; ತೋಳಿಗೂ ಕೋಲಿಗೂ ನಡುವೆ ಒಂದು ಮೂಲೆ ಏಳುತ್ತದೆ. ಕೆಳಗೆ ಬರುವಾಗ ಆ ಮೂಲೆ ಅವಸರಪಡಬಾರದು. ಮೊದಲು ಮೈ ತಿರುಗಬೇಕು, ಆಮೇಲೆ ತೋಳು ಇಳಿಯಬೇಕು, ಕೈಗಳು ಸೊಂಟ ದಾಟಿದ ಮೇಲೆ ಕೋಲು ತನ್ನ ವೇಗಕ್ಕೆ ತಾನೇ ಬಿಚ್ಚಿಕೊಳ್ಳಬೇಕು. ಚೆಂಡಿಗೆ ತಾಗುವ ಹೊತ್ತಿಗೆ ಎಡಗೈಯ ಹಿಂಬದಿ ಚಪ್ಪಟೆಯಾಗಿರಬೇಕು. ಬೇಗ ಬಿಚ್ಚಿದರೆ ಜೋರೆಲ್ಲ ಗಾಳಿಪಾಲು. ಮಡಿಯದೇ ಹೋದರಂತೂ ತೋಳೂ ಕೋಲೂ ಸೇರಿ ಒಂದೇ ದೊಣ್ಣೆ. ಚೆಂಡು ನೆಟ್ಟಗೇನೋ ಹೋಗುತ್ತದೆ, ಆದರೆ ದೂರ ಹೋಗುವುದಿಲ್ಲ. "ಕೀಲನ್ನ ನೀವು ತೆರೀಬೇಡಿ. ಅದೇ ತೆರೆಯುತ್ತೆ. ನೀವು ಅಡ್ಡ ಬರದೇ ಇದ್ರೆ ಸಾಕು" ಎನ್ನುತ್ತಿದ್ದರು.

ಬಾಯಿಪಾಠ ಅಲ್ಲಿಗೆ ಮುಗಿಯಿತು. ಆಮೇಲಿನದೆಲ್ಲ ಕೈಪಾಠ. ಕಲಿಯುವವರು ಕಣ್ಣು ಮುಚ್ಚಿ, ನಾಡಿ ಹಿಡಿಯುವವರ ಹಾಗೆ ಮೇಷ್ಟ್ರ ಎಡ ಮಣಿಕಟ್ಟು ಹಿಡಿದುಕೊಳ್ಳಬೇಕು. ಅವರು ಚೆಂಡಿಲ್ಲದೆ, ತೀರ ನಿಧಾನವಾಗಿ ಕೋಲು ಬೀಸುತ್ತಾರೆ. ಎಲ್ಲಿ ಮಡಿಯಿತು, ಎಷ್ಟು ಹೊತ್ತು ತಡೆಯಿತು, ಎಲ್ಲಿ ಬಿಟ್ಟಿತು ಎಂಬುದು ಬೆರಳಿಗೆ ತಿಳಿಯುವ ತನಕ ಇದೇ ಕೆಲಸ. ಯಾರಾದರೂ "ಸ್ವಲ್ಪ ವಿವರಿಸಿ ಮೇಷ್ಟ್ರೇ" ಎಂದರೆ ಅವರಿಗೆ ರೇಗುತ್ತಿತ್ತು. "ಕೈ ಕೈಗೆ ಹೇಳ್ಬೇಕು ಕಣ್ರೀ. ಮಧ್ಯೆ ಬಾಯಿ ಬಂದ್ರೆ ಕೆಟ್ಟಿತು."

ಹೀಗೆ ಕಲಿತವರನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಮೇಷ್ಟ್ರಿಗೆ ಕೋಲು ಎತ್ತುವಾಗ ಕೆಳತುಟಿಯ ಒಂದು ಮೂಲೆ ಕಚ್ಚುವ ಚಾಳಿ. ಶಿಷ್ಯರೂ ಕಚ್ಚುತ್ತಿದ್ದರು. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಮಣಿಕಟ್ಟಿನ ಜೊತೆಗೆ ಅದೂ ಹೋಗಿ ಸೇರಿಕೊಂಡಿತ್ತು. ತುಟಿ ಕಚ್ಚಬೇಡಿ ಎಂದು ಬಂದವರಿಗೆಲ್ಲ ಬುದ್ಧಿ ಹೇಳುವ ಹಲ್ಲಿನ ಡಾಕ್ಟರೇ ಚಾಪೆಯ ಮೇಲೆ ನಿಂತರೆ ತುಟಿ ಕಚ್ಚುತ್ತಿದ್ದರು. ಇದೊಂದು ದೊಡ್ಡ ತಮಾಷೆಯಾಗಿತ್ತು ಅಲ್ಲಿ. ಆ ತಮಾಷೆಯೊಳಗೆ ಏನು ಕೂತಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಮೇಷ್ಟ್ರ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಸಡಿಲವಾದ ಕಡ್ಡಿಗಳಿಗೆ ಸಣ್ಣ ತಿರುಪು ಬಿಗಿಯುವುದು, ಮುರಿದದ್ದನ್ನು ಕೂಡಿಸುವುದು ಆಕೆಯ ಪಾಲಿನ ಕೆಲಸ. "ನಮ್ಮ ಮನೇಲಿ ಇಬ್ಬರದ್ದೂ ಕೀಲಿನ ಕಸುಬೇ. ನನ್ನ ಕೀಲು ಜನರ ಮೂಗಿನ ಮೇಲಾದ್ರೂ ನಿಲ್ಲುತ್ತೆ" ಎಂದು ಗಂಡನನ್ನು ಕೆಣಕುತ್ತಿದ್ದರು. ಆಟದ ಬಗ್ಗೆ ಆಕೆಗೆ ಕಾಸಿನ ಆಸಕ್ತಿಯೂ ಇರಲಿಲ್ಲ. ಆದರೆ ಆಕೆಯ ಕಣ್ಣು ಮಾತ್ರ ಸೂಕ್ಷ್ಮ. ಅಂಗಡಿಗೆ ಬಂದವರ ಕನ್ನಡಕ ಒಂದು ಎಳ್ಳಿನಷ್ಟು ವಾಲಿದ್ದರೂ ಬಾಗಿಲಲ್ಲೇ ಕಂಡುಹಿಡಿಯುತ್ತಿದ್ದರು.

ಶಿಷ್ಯರಲ್ಲಿ ಮೇಷ್ಟ್ರಿಗೆ ಹತ್ತಿರದವಳೆಂದರೆ ಬಂಕಿನವಳು. ಮುಖ್ಯರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದು ನಿಲ್ಲುವ ಕೆಲಸ ಅವಳದು. ಪಾಳಿ ಮುಗಿಸಿ ಮನೆಗೆ ಹೋಗುವಾಗ ಬಲೆಯ ಹೊರಗೆ ನಿಂತು ನೋಡುತ್ತಿದ್ದವಳನ್ನು ಒಂದು ಸಂಜೆ ಮೇಷ್ಟ್ರೇ ಒಳಗೆ ಕರೆದಿದ್ದರು. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ; ಈಗ ಮೂವತ್ತು ಸಮೀಪಿಸಿತ್ತು. ಅವಳ ಬೀಸು ಮೇಷ್ಟ್ರ ಬೀಸಿನ ಪಡಿಯಚ್ಚು. ಬೇರೆಯವರು ಒಂದೆರಡು ವಾರ ಮಣಿಕಟ್ಟು ಹಿಡಿದು ಬಿಟ್ಟರೆ, ಇವಳಿಗೆ ಇಷ್ಟು ವರ್ಷವಾದ ಮೇಲೂ ಅಭ್ಯಾಸಕ್ಕೆ ಮುಂಚೆ ಒಮ್ಮೆ ಹಿಡಿಯಲೇಬೇಕು. ಹಿಡಿಯದಿದ್ದರೆ ಆ ದಿನ ಕೈ ಓಡುತ್ತಿರಲಿಲ್ಲ.

ಅವಳ ಮುಂದೆ ಇದ್ದದ್ದು ಒಂದೇ ಬಾಗಿಲು. ವರ್ಷಕ್ಕೊಮ್ಮೆ ನಡೆಯುವ ಆಯ್ಕೆ ಪಂದ್ಯ. ಅದರಲ್ಲಿ ಮೇಲಿನ ಸಾಲಿಗೆ ಬಂದರೆ ವೃತ್ತಿಪರ ಆಟಗಾರ್ತಿಯಾಗಿ ಆಡುವ ಪರವಾನಗಿ. ಬಂಕು ಬಿಟ್ಟು ಆಟದಿಂದಲೇ ಬದುಕಬಹುದು. ಹಿಂದಿನ ವರ್ಷ ಕೂದಲೆಳೆಯಲ್ಲಿ ತಪ್ಪಿತ್ತು. ಬಂಕಿನ ಯಜಮಾನ, "ಇದೊಂದು ಸಲ ರಜಾ ಕೊಡ್ತೀನಿ. ಆಮೇಲೆ ಕೋಲೋ ಪೈಪೋ, ಒಂದನ್ನ ಹಿಡ್ಕೋ" ಎಂದಿದ್ದ. ಅವನನ್ನು ದೂರುವಂತಿಲ್ಲ, ಅಷ್ಟು ವರ್ಷ ಸಹಿಸಿದ್ದೇ ಹೆಚ್ಚು.

ಮೇಷ್ಟ್ರ ಎಡ ಮಣಿಕಟ್ಟು ನೋಯತೊಡಗಿದ್ದು ಅದೇ ಹೊತ್ತಿಗೆ. ಮೊದಮೊದಲು ಎಣ್ಣೆ ತಿಕ್ಕಿದರು, ಪಟ್ಟಿ ಸುತ್ತಿದರು, ಹವೆಯನ್ನು ಬೈದರು. ಟೀ ಲೋಟ ಎತ್ತಲಾರದೆ ಎರಡು ಕೈಯಲ್ಲಿ ಹಿಡಿದು ಕುಡಿಯುವುದನ್ನು ಕಂಡ ಹೆಂಡತಿ, ಕೈ ಹಿಡಿದು ಎಳೆದುಕೊಂಡೇ ಮೂಳೆ ಡಾಕ್ಟರ ಹತ್ತಿರ ಹೋದರು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಣಿಕಟ್ಟಿನ ನಡುವಿನ ಒಂದು ಪುಟ್ಟ ಮೂಳೆಗೆ ರಕ್ತ ಹೋಗುವುದು ನಿಂತು, ಅದು ಒಳಗೊಳಗೇ ಪುಡಿಯಾಗಿತ್ತು. ಸುತ್ತಲಿನದ್ದೂ ಸವೆದಿತ್ತು.

"ಒಂದೇ ದಾರಿ" ಎಂದರು ಡಾಕ್ಟರಮ್ಮ. "ಒಳಗೆ ಲೋಹದ ಪಟ್ಟಿ ಇಟ್ಟು, ಸ್ಕ್ರೂ ಹಾಕಿ, ಕೀಲನ್ನ ಮುಚ್ಚಿಬಿಡ್ತೀವಿ. ನೋವು ಹೋಗುತ್ತೆ. ಬಾಗೋದೂ ಹೋಗುತ್ತೆ."

"ಪೂರ್ತಿನಾ?" ಎಂದು ಕೇಳಿದರು ಮೇಷ್ಟ್ರು.

"ಪೂರ್ತಿ. ಬೆರಳೆಲ್ಲ ಆಡುತ್ತೆ, ಮುಷ್ಟಿ ಹಿಡೀಬಹುದು. ಮಣಿಕಟ್ಟು ಮಾತ್ರ ಇದ್ದಲ್ಲೇ ಇರುತ್ತೆ."

ಮನೆಗೆ ಬರುವ ಬಸ್ಸಿನಿಂದ ಇಳಿಯುವಾಗ ಮೇಷ್ಟ್ರು, "ಬೇರೆ ಯಾವ ಕೀಲಾದ್ರೂ ಆಗಬಾರದಿತ್ತೇನೇ?" ಎಂದರು. ಹೆಂಡತಿ ಅವರ ಕೈಯಿಂದ ಕೈಚೀಲ ಇಸಿದುಕೊಂಡರು. ನೋವು ತಡೆಯಲಾಗದ ಮಟ್ಟಕ್ಕೆ ಬಂದ ಮೇಲೆ ಆಪರೇಷನ್ ಆಯಿತು.

ಮೂಳೆ ಕೂಡಿಕೊಳ್ಳಲು ಹಿಡಿದ ತಿಂಗಳುಗಳಲ್ಲಿ ಶಿಷ್ಯರು ಚದುರಿದರು. ಮೈದಾನದ ಇನ್ನೊಂದು ತುದಿಯಲ್ಲಿ ವಿಡಿಯೋ ಮೇಷ್ಟ್ರು ಎಂಬ ಕಿರಿಯನೊಬ್ಬ ಕ್ಯಾಮೆರಾ, ಪರದೆ ಇಟ್ಟುಕೊಂಡು ಪಾಠ ಶುರು ಮಾಡಿದ್ದ. ಒಳ್ಳೆಯ ಹುಡುಗ. ಎಲ್ಲರೂ ಒಬ್ಬೊಬ್ಬರಾಗಿ ಅತ್ತ ಸರಿದರು, ಹಲ್ಲಿನ ಡಾಕ್ಟರೂ ಸಹ. ಬಂಕಿನವಳು ಮಾತ್ರ ದಿನವೂ ಬಂದು, ಖಾಲಿ ಚಾಪೆಯ ಪಕ್ಕ ಒಬ್ಬಳೇ ಹೊಡೆದು, ಹೋಗುವಾಗ ಮನೆಗೆ ಬಂದು, "ಯಾವಾಗ ಬರ್ತೀರಿ ಮೇಷ್ಟ್ರೇ?" ಎಂದು ಕೇಳಿ ಹೋಗುತ್ತಿದ್ದಳು.

ಮೇಷ್ಟ್ರು ಬಂದರು. ಕೋಲು ಹಿಡಿದು ನೋಡಿದರು. ಆಶ್ಚರ್ಯವೆಂದರೆ, ಚೆಂಡು ಹೋಯಿತು! ಮಣಿಕಟ್ಟಿನ ಕೆಲಸವನ್ನು ಹೆಗಲಿಗೂ ಸೊಂಟಕ್ಕೂ ಹಂಚಿ, ಮೈಯನ್ನೇ ತಿರುಗಿಸಿ ಹೊಡೆಯುವ ಒಂದು ಉಪಾಯವನ್ನು ಅವರ ಮೈ ತಾನೇ ಕಂಡುಕೊಂಡಿತು. ದೂರ ಹೋಗದಿದ್ದರೂ ನೂಲು ಹಿಡಿದಂತೆ ನೇರ. ಮೇಷ್ಟ್ರು ಮಗುವಿನಂತೆ ಹಿಗ್ಗಿ ಮನೆಯಲ್ಲಿ ಪೊರಕೆ ಹಿಡಿದು ತೋರಿಸಿದರೆ ಹೆಂಡತಿ, "ಕುಂಟನಿಗೆ ಎಂಟು ಚೇಷ್ಟೆ" ಎಂದು ನಕ್ಕರು. ಆ ಮನೆಯಲ್ಲಿ ಬಹಳ ದಿನದ ಮೇಲೆ ಕೇಳಿಸಿದ ನಗು ಅದು.

ಬಂಕಿನವಳ ಪಾಠ ಮತ್ತೆ ಶುರುವಾಯಿತು. ಹಿಂದಿನಂತೆಯೇ ಅವಳು ಕಣ್ಣು ಮುಚ್ಚಿ ಮಣಿಕಟ್ಟು ಹಿಡಿಯುತ್ತಿದ್ದಳು; ಅವರು ನಿಧಾನವಾಗಿ ಬೀಸುತ್ತಿದ್ದರು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಇಬ್ಬರಿಗೂ ಅನ್ನಿಸದೇ ಹೋದದ್ದು ಹೇಗೆ ಎಂದು ಕೇಳಬಹುದು. ಅಭ್ಯಾಸ ಅಂದರೆ ಅದೇ ಅಲ್ಲವೇ? ದಿನವೂ ಮಾಡುವುದನ್ನು ಯಾರು ಯೋಚಿಸಿ ಮಾಡುತ್ತಾರೆ?

ಕೆಲವು ವಾರದಲ್ಲಿ ಅವಳ ಹೊಡೆತ ಕುಗ್ಗತೊಡಗಿತು. ಗೋದಾಮಿನ ಗೋಡೆಯ ತನಕ ಹೋಗುತ್ತಿದ್ದ ಚೆಂಡು ನಡುವೆಯೇ ಬೀಳುತ್ತಿತ್ತು. ಮೇಷ್ಟ್ರು ಅವಳ ಬೂಟನ್ನು ದೂರಿದರು. ರಾತ್ರಿ ಪಾಳಿಯನ್ನು ದೂರಿದರು. "ಹೊಟ್ಟೆಗೆ ಸರಿಯಾಗಿ ತಿನ್ನು, ಮೈಯಲ್ಲಿ ಕಸುವೇ ಇಲ್ಲ ನಿಂಗೆ" ಎಂದು ಬೈದು, ಮನೆಯಿಂದ ಬೇಯಿಸಿದ ಮೊಟ್ಟೆ ತರಿಸಿ ಎದುರಿಗೆ ಕೂರಿಸಿಕೊಂಡು ತಿನ್ನಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಬೈಸಿಕೊಂಡು ಸುಮ್ಮನೆ ತಿಂದಳು.

ಆ ಮೊಟ್ಟೆಯ ಡಬ್ಬಿ ಕೊಡಲು ರಜೆಯ ದಿನವೊಂದು ಬಂದ ಹೆಂಡತಿ, ಬೆಂಚಿನ ಮೇಲೆ ಕೂತು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು. ಸಂಜೆ ಮನೆಗೆ ನಡೆಯುವಾಗ, "ರೀ, ಆ ಹುಡುಗಿ ಕೈಗೇನಾದ್ರೂ ಪೆಟ್ಟಾಗಿದ್ಯಾ?" ಎಂದು ಕೇಳಿದರು.

"ಯಾಕೆ?"

"ಎಡಗೈ ಮಣಿಕಟ್ಟು ಆಡೋದೇ ಇಲ್ಲ. ನಿಮ್ಮದು ಈಗ ಹೇಗಿದ್ಯೋ ಹಾಗೇ ಇದೆ. ಸ್ಕ್ರೂ ಹಾಕಿದ ಹಾಗೆ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. "ನಿಂಗೇನು ಗೊತ್ತು ಆಟ? ಕನ್ನಡಕ ಒರೆಸೋದು ನೋಡ್ಕೋ" ಎಂದು ರಸ್ತೆ ಎಂಬುದನ್ನೂ ಮರೆತು ಕೂಗಿದರು ಮೇಷ್ಟ್ರು. ಆ ರಾತ್ರಿ ಇಬ್ಬರೂ ಬೆನ್ನು ತಿರುಗಿಸಿ ಮಲಗಿದರು.

ಮರುದಿನ ಮೇಷ್ಟ್ರು ತಾವು ಕೋಲು ಮುಟ್ಟಲಿಲ್ಲ. ಅವಳಿಂದ ಹೊಡೆಸಿ, ಎದುರಿಗೆ ನಿಂತು ಎಡಗೈ ಒಂದನ್ನೇ ನೋಡಿದರು. ಕೋಲು ಮೇಲೆ ಹೋಯಿತು, ಮೂಲೆ ಏಳಲಿಲ್ಲ. ತೋಳೂ ಕೋಲೂ ಒಂದೇ ದೊಣ್ಣೆಯಾಗಿ ಹೋಗಿ, ಒಂದೇ ದೊಣ್ಣೆಯಾಗಿ ಬಂತು. ಏನೂ ಆಗದ, ಎಳೆಯ, ಗಟ್ಟಿಯಾದ ಮಣಿಕಟ್ಟು ಅದು. ಅದರೊಳಗೆ ಇವರ ಪಟ್ಟಿ, ಇವರ ಸ್ಕ್ರೂ ಹೋಗಿ ಕೂತಿದ್ದವು.

"ಹೇಗಿತ್ತು ಮೇಷ್ಟ್ರೇ?" ಎಂದಳು ಅವಳು, ತುಟಿ ಕಚ್ಚಿದ್ದನ್ನು ಬಿಟ್ಟು.

"ಪರವಾಗಿಲ್ಲ" ಎಂದರು ಮೇಷ್ಟ್ರು.

ಅವತ್ತೇ ಹೇಳಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಹೇಳಲಿಲ್ಲ. ತಾವೇ ಸರಿಪಡಿಸುತ್ತೇನೆ ಎಂಬ ಹಟಕ್ಕೆ ಬಿದ್ದರು. ಮಣಿಕಟ್ಟು ಹಿಡಿಸುವುದನ್ನು ನಿಲ್ಲಿಸಿ ಮಾತಿನಲ್ಲಿ ಕಲಿಸಲು ಹೋದರು. ಜನ್ಮದಲ್ಲಿ ಮಾತಿನಲ್ಲಿ ಪಾಠ ಮಾಡಿದವರಲ್ಲ. "ಮಡಿಸು" ಎಂದರೆ ಅವಳು ಮೊಣಕೈ ಮಡಿಸುತ್ತಿದ್ದಳು. "ಬಿಡು" ಎಂದರೆ ಮೇಲಿನಿಂದಲೇ ಬಿಟ್ಟು ನೆಲಕ್ಕೆ ಬಡಿಯುತ್ತಿದ್ದಳು. ಕಡೆಗೆ ಅವಳೇ ಕಂಗಾಲಾಗಿ, "ಒಂದ್ಸಲ ಕೈ ಕೊಡಿ ಮೇಷ್ಟ್ರೇ, ಬೆರಳಿಗೆ ಗೊತ್ತಾಗುತ್ತೆ" ಎಂದು ಬೇಡುತ್ತಿದ್ದಳು. ಆ ಮುಖ ನೋಡಿ ಅವರಿಗೆ ಕೈ ಹಿಂದೆಳೆದುಕೊಳ್ಳಲು ಆಗುತ್ತಿರಲಿಲ್ಲ. ಕೊಡುತ್ತಿದ್ದರು. ಕೆಡುತ್ತಿದೆ ಎಂದು ಗೊತ್ತಿದ್ದೇ ಕೊಡುತ್ತಿದ್ದರು. ಉಳಿದಿದ್ದವಳು ಅವಳೊಬ್ಬಳು; ಅವಳೂ ಹೋದರೆ ತಾವು ಮೇಷ್ಟ್ರು ಹೇಗಾಗುತ್ತೇವೆ ಎಂಬ ಭಯ ಅದರ ಅಡಿಯಲ್ಲಿತ್ತು. ಮುಚ್ಚಿಟ್ಟು ಏನು ಪ್ರಯೋಜನ, ಅದು ಸ್ವಾರ್ಥವೇ.

ಆಯ್ಕೆ ಪಂದ್ಯ ಹತ್ತಿರವಾಯಿತು. ಒಂದು ಸಂಜೆ ಅವಳು ಹೊಡೆದ ಚೆಂಡುಗಳೆಲ್ಲ ನಡು ಮೈದಾನದಲ್ಲೇ ಗುಂಪಾಗಿ ಬಿದ್ದಿದ್ದನ್ನು ನೋಡುತ್ತ ನಿಂತ ಮೇಷ್ಟ್ರು, "ನಾಳೆಯಿಂದ ಆ ಕಡೆ ಹೋಗು. ಆ ಹುಡುಗನ ಹತ್ರ" ಎಂದರು.

"ಯಾಕೆ ಮೇಷ್ಟ್ರೇ? ನಾನೇನಾದ್ರೂ ತಪ್ಪು ಮಾಡಿದ್ನಾ?"

"ತಪ್ಪಲ್ಲ. ನಾನು ಕಲಿಸೋದು ಮುಗೀತು. ಇನ್ನು ಕ್ಯಾಮೆರಾ ಎಲ್ಲಾ ಬೇಕು ನಿಂಗೆ."

ಅವಳ ಕಣ್ಣಲ್ಲಿ ನೀರು ಬಂತು. ಹೊಗಳಿಕೆ ಎಂದುಕೊಂಡು ಅತ್ತಳೋ, ಹೊರಗೆ ಹಾಕಿದರು ಎಂದುಕೊಂಡು ಅತ್ತಳೋ, ಮೇಷ್ಟ್ರು ಕೇಳಲಿಲ್ಲ.

ವಿಡಿಯೋ ಮೇಷ್ಟ್ರಿಗೆ ಮಾತ್ರ ಇದ್ದ ವಿಷಯ ಹೇಳಿದರು. ಅವನು ಒಂದೇ ಹೊಡೆತ ನೋಡಿ ಎಲ್ಲ ಅರ್ಥಮಾಡಿಕೊಂಡಿದ್ದ. "ಯಾಕೆ ಹೀಗಾಯ್ತು ಅಂತ ಅವಳಿಗೆ ಹೇಳಿಬಿಡೋಣ ಮೇಷ್ಟ್ರೇ. ಗೊತ್ತಾದ್ರೆ ಬೇಗ ಬಿಟ್ಟು ಹೋಗುತ್ತೆ" ಎಂದ.

"ಬೇಡಪ್ಪ" ಎಂದರು ಇವರು. "ನನ್ನಿಂದ ಕೆಟ್ಟಿತು ಅಂತ ಅವಳಿಗೆ ಅನ್ನಿಸೋದು ಬೇಡ. ನೀನು ಮಾತು ಕೊಡು."

ಹಿರಿಯರು ಕೇಳಿದರಲ್ಲ ಎಂದು ಅವನು ಮಾತು ಕೊಟ್ಟ. ಕೊಟ್ಟ ಮಾತು ಉಳಿಸಿಕೊಂಡ ಕೂಡ. ಮನೆಯಲ್ಲಿ ಹೆಂಡತಿ, "ಅವಳಿಗೆ ಹೇಳಿದ್ರಾ?" ಎಂದು ಎರಡು ಮೂರು ಸಲ ಕೇಳಿದರು. ಮೇಷ್ಟ್ರಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪ. "ಹೇಳೋಣ" ಎನ್ನುತ್ತಿದ್ದರು.

ವಿಡಿಯೋ ಮೇಷ್ಟ್ರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದ. ಈ ತುದಿಯಲ್ಲಿ ಚೆಂಡಿನ ಬುಟ್ಟಿ ತುಂಬಿಸುವ ನೆಪದಲ್ಲಿ ನಿಂತು ಮೇಷ್ಟ್ರು ನೋಡುತ್ತಿದ್ದರು. ಮೂಲೆ ಮೆಲ್ಲಗೆ ಮತ್ತೆ ಏಳತೊಡಗಿತು. ಒಂದು ದಿನ ಚೆಂಡು ಗೋದಾಮಿನ ಗೋಡೆಗೆ ಠಣ್ಣೆಂದು ಬಡಿದದ್ದು ಕೇಳಿ, ಅವರು ಬುಟ್ಟಿಯನ್ನು ಅಲ್ಲೇ ಇಟ್ಟು ಸಾಮಾನು ಕೋಣೆಯ ಮರೆಗೆ ಹೋಗಿ ಕಣ್ಣು ಒರೆಸಿಕೊಂಡರು. ಸಂತೋಷವೂ ಆಗಿತ್ತು, ಹೊಟ್ಟೆಕಿಚ್ಚೂ ಆಗಿತ್ತು.

ಪಂದ್ಯದ ದಿನ ಅವರು ಹೋಗಲಿಲ್ಲ. ತಮ್ಮನ್ನು ಕಂಡರೆ ಅವಳ ಕೈ ಎಲ್ಲಿ ಹಳೆಯ ದಾರಿ ಹಿಡಿಯುತ್ತದೋ ಎಂದು ಮನೆಯಲ್ಲೇ ಕೂತರು. ಸಂಜೆ ವಿಡಿಯೋ ಮೇಷ್ಟ್ರ ಫೋನು ಬಂತು. ದಿನವಿಡೀ ಮೇಲಿನ ಸಾಲಿನಲ್ಲೇ ಇದ್ದಳಂತೆ. ಚೆಂಡು ಸೇರಬೇಕಾದ ಕೊನೆಯ ಗುಂಡಿಗೆ ಕೊಳದ ನೀರಿನ ಆಚೆ ದಾಟಿಸುವ ಒಂದು ಉದ್ದನೆಯ ಹೊಡೆತ ಬೇಕಿತ್ತು. ಚೆಂಡು ನೀರಿಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಅದೊಂದು ಹೊಡೆತಕ್ಕೆ ಮಣಿಕಟ್ಟು ಮತ್ತೆ ಕಟ್ಕೊಂಡುಬಿಡ್ತು ಮೇಷ್ಟ್ರೇ. ಅಷ್ಟು ಹೊತ್ತೂ ಸರಿಯಾಗೇ ಇತ್ತು. ಯಾಕೋ ಗೊತ್ತಿಲ್ಲ" ಎಂದ ಅವನು.

ಮರುದಿನ ಬಂಕಿನವಳು ಮನೆಗೆ ಬಂದಳು. ಪಾಳಿಗೆ ಹೋಗುವ ಮುಂಚಿನ ಹೊತ್ತು. ಬಂಕಿನ ನೀಲಿ ಸಮವಸ್ತ್ರದಲ್ಲೇ ಇದ್ದಳು. ಮೇಷ್ಟ್ರ ಹೆಂಡತಿ ಟೀ ಕೊಟ್ಟು, ಅವಳ ತಲೆ ನೇವರಿಸಿ, ಪಕ್ಕದಲ್ಲೇ ಕೂತರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ" ಎಂದು ಅವಳೇ ಶುರು ಮಾಡಿದಳು. ಸೋತು ಬಂದವಳು ಸಮಾಧಾನ ಹೇಳುತ್ತಿದ್ದಳು. "ಕೊನೇ ಹೊಡೆತಕ್ಕೆ ನಿಂತಾಗ ಕೈಯೆಲ್ಲ ನಡುಗ್ತಾ ಇತ್ತು. ವಿಡಿಯೋ ಮೇಷ್ಟ್ರು ಹೇಳ್ಕೊಟ್ಟಿದ್ದು ಒಂದೂ ತಲೆಗೆ ಬರ್ಲಿಲ್ಲ. ಆಗ ಕಣ್ಮುಚ್ಚಿ ನಿಮ್ಮನ್ನ ನೆನೆಸ್ಕೊಂಡೆ. ನಿಮ್ಮ ಮಣಿಕಟ್ಟು ಹಿಡ್ಕೊಂಡಿದೀನಿ ಅನ್ಕೊಂಡೆ. ನಡುಕ ನಿಂತೇ ಹೋಯ್ತು. ಅದೃಷ್ಟ ಇರ್ಲಿಲ್ಲ, ಅಷ್ಟೆ."

"ಯಾವ ಕೈ ನೆನೆಸ್ಕೊಂಡೆ?" ಎಂದರು ಮೇಷ್ಟ್ರು. "ಮೊದಲಿಂದಾ, ಈಗಿಂದಾ?"

ಅವಳಿಗೆ ಅರ್ಥವಾಗಲಿಲ್ಲ. "ನಿಮ್ಮ ಕೈ ಮೇಷ್ಟ್ರೇ" ಎಂದಳು.

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದರು. ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮೇಷ್ಟ್ರು ಹೇಳಿದರು. ತಮ್ಮ ಕೀಲು ಮುಚ್ಚಿದ ಮೇಲೆ ಅದನ್ನೇ ಅವಳಿಗೆ ಹಿಡಿಸಿದ್ದು, ಅವಳ ಮಣಿಕಟ್ಟು ನಿಂತುಹೋದದ್ದು, ಬೂಟು, ಪಾಳಿ ಎಂದು ಬೈದದ್ದು, ಆ ಕಡೆ ಕಳಿಸಿದ ನಿಜವಾದ ಕಾರಣ, ಬಾಯಿ ಬಿಡಬೇಡ ಎಂದು ಆ ಹುಡುಗನಿಂದ ಮಾತು ತೆಗೆದುಕೊಂಡದ್ದು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿದರು.

ಅವಳು ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, "ಮೊದಲೇ ಹೇಳಿದ್ದಿದ್ರೆ ನಿಮ್ಮನ್ನ ನೆನೆಸ್ಕೋತಿರ್ಲಿಲ್ಲ ಮೇಷ್ಟ್ರೇ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಿತ್ತು. ಟೀ ಪೂರ್ತಿ ಕುಡಿದು, ಲೋಟವನ್ನು ತಾನೇ ಒಳಗೆ ತೊಳೆದಿಟ್ಟು, "ಪಾಳಿಗೆ ಹೊತ್ತಾಯ್ತು, ಬರ್ತೀನಿ ಅಕ್ಕಾ" ಎಂದು ಮೇಷ್ಟ್ರ ಹೆಂಡತಿಗೆ ಹೇಳಿ ಹೋದಳು. ಬರ್ತೀನಿ ಎಂದು ಅವಳು ಹೇಳಿದ್ದು ಅಕ್ಕನಿಗೆ ಮಾತ್ರ.